ಅಪಾಯ ಯಾರದು, ಲೆಕ್ಕ ಯಾರದು

ಅಪಾಯ ಎಂಬ ಮಾತನ್ನು ಎಲ್ಲರೂ ಒಂದೇ ಅರ್ಥದಲ್ಲಿ ಆಡುತ್ತಾರೆಂದು ನಾವು ತಿಳಿದುಕೊಂಡಿರುತ್ತೇವೆ. ಮಳೆಗಾಲದಲ್ಲಿ ಒಂದು ವಾರ ನಮ್ಮ ಜಮಖಂಡಿ ಕಡೆ ಬಂದಿದ್ದರೆ ಹಾಗಲ್ಲವೆಂಬುದು ಗೊತ್ತಾಗುತ್ತದೆ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಸರಿ, ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ ಮಳೆ ಜೋರಾಯಿತೆಂಬ ಸುದ್ದಿ ಬಂತೆಂದರೆ ಕೃಷ್ಣೆಯ ದಂಡೆಯ ಊರುಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಎಂಜಿನಿಯರರು ಹಿಪ್ಪರಗಿ ಬ್ಯಾರೇಜಿಗೆ ಎಷ್ಟು ಕ್ಯೂಸೆಕ್ಸ್ ಬಂತೆಂದು ಕೇಳುತ್ತಾರೆ. ತಾಲ್ಲೂಕು ಕಚೇರಿಯವರು ಯಾವ ಊರನ್ನು ಎಂದು ತೆರವು ಮಾಡಿಸಬೇಕೆಂದು ನೋಡುತ್ತಾರೆ. ಕಬ್ಬಿನ ರೈತನಿಗೆ ನೀರು ಬರುವುದು ದೊಡ್ಡ ಮಾತಲ್ಲ, ಎಷ್ಟು ದಿನ ನಿಲ್ಲುತ್ತದೆ ಎಂಬುದೇ ಮಾತು. ಮನೆಯಾಕೆ ಮಾತ್ರ ಎಮ್ಮೆಯನ್ನು ಮೊದಲು ಸಾಗಿಸಲೋ, ಜೋಳದ ಚೀಲವನ್ನೋ ಎಂದು ನಿಂತಿರುತ್ತಾಳೆ. ನೀರು ಒಂದೇ. ನಾಲ್ವರ ಅಪಾಯ ನಾಲ್ಕು ಬಗೆ.

ಎಂಜಿನಿಯರರ ಮಾತಿನಲ್ಲಿ ‘ನೂರು ವರ್ಷದ ಪ್ರವಾಹ’ ಎಂಬುದೊಂದಿದೆ. ಒಂಬತ್ತನೆಯ ತರಗತಿಯಲ್ಲಿ ಅದನ್ನು ಹೇಳಿದಾಗ ಹೊಳೆದಂಡೆಯ ಹುಡುಗನೊಬ್ಬ ಎದ್ದು ನಿಂತು, “ಅಕ್ಕೋರ, 2005ರಾಗ ಹೊಳಿ ಬಂದಿತ್ತಂತ, 2019ರಾಗ ಬಂತು, 2021ರಾಗ ಮತ್ತ ಬಂತು. ನೂರು ವರ್ಷ ಎಲ್ಲಿ ಆತ್ರಿ?” ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಅವನ ಪ್ರಶ್ನೆ ನಗುವಂಥದಲ್ಲ. ಆ ಮಾತಿನ ಅರ್ಥ ನೂರು ವರ್ಷಕ್ಕೊಮ್ಮೆ ಪಾಳಿ ಹಚ್ಚಿ ಬರುತ್ತದೆಂದಲ್ಲ. ಯಾವ ವರ್ಷವಾದರೂ ಅಷ್ಟು ದೊಡ್ಡ ಪ್ರವಾಹ ಬರುವ ಸಂಭವ ನೂರಕ್ಕೆ ಒಂದು ಎಂದು. ನಾನು ಸಮಾಜ ವಿಜ್ಞಾನದವಳು, ಲೆಕ್ಕವನ್ನು ಗಣಿತದ ಮಾಸ್ತರರಿಂದ ಮಾಡಿಸಿಕೊಂಡೆ. ಅಂಥ ಪ್ರವಾಹ ಮುಟ್ಟುವ ಜಾಗದಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ಬಾಳುವವರು ಒಮ್ಮೆಯಾದರೂ ಅದನ್ನು ಕಾಣುವ ಸಂಭವ ನೂರಕ್ಕೆ 26. ಕಚೇರಿಯಲ್ಲಿ ಕೂತವರಿಗೆ ಒಂದು, ಮನೆಯಲ್ಲಿ ಕೂತವರಿಗೆ ಇಪ್ಪತ್ತಾರು. ಇಬ್ಬರ ಲೆಕ್ಕವೂ ಸರಿಯೇ.

ಹಾಗಾದರೆ ದಂಡೆ ಬಿಟ್ಟು ಏಕೆ ಹೋಗುವುದಿಲ್ಲ ಎಂದು ಪೇಟೆಯ ನಾವು ಕೇಳುತ್ತೇವೆ. ಪ್ರತಿ ಪ್ರವಾಹದ ನಂತರವೂ ‘ಇವರಿಗೆ ಬುದ್ಧಿ ಬರಲಿಲ್ಲ’ ಎಂಬ ಮಾತು ಕಿವಿಗೆ ಬೀಳುತ್ತದೆ. ಘಟಪ್ರಭೆಯ ದಂಡೆಗೆ, ಮುಧೋಳದ ಹತ್ತಿರ, ಹೊಲವಿರುವ ಹಿರಿಯರೊಬ್ಬರು ನನಗೆ ಹೇಳಿದ್ದು ಬೇರೆ. “ಹೊಳಿ ಬರತೈತಿ, ಹೋಗತೈತಿ. ಹೊಲಾ ಎಲ್ಲಿ ಹೋಗತೈತ್ರಿ?” ದಂಡೆಯ ಕಪ್ಪು ನೆಲ ಬಿಟ್ಟು ಮಡ್ಡಿಗೆ ಹೋಗಿ ಮಳೆಯ ದಾರಿ ಕಾಯುವುದು ಅವರ ದೃಷ್ಟಿಯಲ್ಲಿ ಹೆಚ್ಚಿನ ಅಪಾಯ. ಎಂಟು-ಹತ್ತು ವರ್ಷಕ್ಕೊಮ್ಮೆ ಬರುವ ನೀರಿಗಿಂತ ವರ್ಷ ವರ್ಷವೂ ಬಾರದ ನೀರು ಕೆಟ್ಟದ್ದು. ಇದರಲ್ಲಿ ನನಗೆ ದಡ್ಡತನವೇನೂ ಕಾಣಲಿಲ್ಲ.

ಬೆಳೆ ವಿಮೆಯವರ ಅಪಾಯ ಇನ್ನೊಂದು ತರಹದ್ದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಇಳುವರಿ ಕಡಿಮೆಯಾದುದಕ್ಕೆ ಪರಿಹಾರ ಕೊಡುವಾಗ ಸಾಮಾನ್ಯವಾಗಿ ನೋಡುವುದು ಒಂದು ಪ್ರದೇಶದ ಸರಾಸರಿಯನ್ನು. ನಿಮ್ಮ ಹೊಲ ಹೋಗಿ ಊರಿನ ಹೊಲಗಳು ಚೆನ್ನಾಗಿದ್ದರೆ, ಸರಾಸರಿಯಲ್ಲಿ ನಿಮ್ಮ ಹೊಲವೂ ಚೆನ್ನಾಗಿದ್ದಂತೆಯೇ. ಆದರೆ ಸರಾಸರಿಯ ರೊಟ್ಟಿಯನ್ನು ಯಾವ ತಾಯಿಯೂ ಮಕ್ಕಳಿಗೆ ಬಡಿಸಲಾರಳು.

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಮಕ್ಕಳಿಗೆ ನಾನು ಕಲಿಸಿದ್ದೇನೆ. ಅಲ್ಲಿ ಅನೇಕರು ಮಾಲೀಕರಿಂದ ನೂಲು ತಂದು ಕೂಲಿಗೆ ಸೀರೆ ನೇಯುವವರು. ಸೀರೆ ಮಾರದಿದ್ದರೆ ಮಾಲೀಕ ಅದಕ್ಕೆ ನಷ್ಟ ಎನ್ನುತ್ತಾನೆ, ನೇಕಾರನಿಗೆ ಅದು ಮುಂದಿನ ವಾರ ಒಲೆ ಹತ್ತುವುದೋ ಇಲ್ಲವೋ ಎಂಬುದು. 2020ರ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತಾಗ ಈ ಎರಡರ ನಡುವಿನ ಅಂತರ ಎಲ್ಲರಿಗೂ ಕಂಡಿತು. ಅಲ್ಲಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಸಾಲ ಬಹಳ ಸುರಕ್ಷಿತವೆಂದು ಬ್ಯಾಂಕಿನವರು ಹೊಗಳುತ್ತಾರೆ. ಸುರಕ್ಷಿತ ಹೇಗಾಯಿತು? ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ, ಪಕ್ಕದ ಮನೆಯಾಕೆ ಕಂತು ಕಟ್ಟಲಾರದ ತಿಂಗಳು ತನ್ನ ಬೆಂಡೋಲೆ ಒತ್ತೆಯಿಟ್ಟು ಕಟ್ಟಿದಳು. ಬ್ಯಾಂಕಿನ ಅಪಾಯ ಕರಗಿ ಹೋಗಲಿಲ್ಲ, ಹತ್ತು ಮನೆಗಳ ಕಿವಿ-ಮೂಗಿಗೆ ಹಂಚಿಹೋಯಿತು. ಸಂಘದ ಸಾಲ ತೀರಿತು, ನೆರೆಹೊರೆಯ ಮಾತು ಆರು ತಿಂಗಳು ನಿಂತಿತು.

ತನ್ನ ಮೇಲೆ ತಾನೇ ತಂದುಕೊಳ್ಳುವ ಅಪಾಯಕ್ಕೂ ಇನ್ನೊಬ್ಬರ ಮೇಲೆ ಹೊರಿಸುವ ಅಪಾಯಕ್ಕೂ ವ್ಯತ್ಯಾಸವಿದೆಯೆಂದು ನಾನು ನಂಬಿದ್ದೇನೆ. ಮೊದಲನೆಯದಕ್ಕೆ ನಮ್ಮಲ್ಲಿ ದೊಡ್ಡ ಉದಾಹರಣೆಯೇ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಜಮಖಂಡಿ ತಾಲ್ಲೂಕಿನ ರೈತರು ಸರ್ಕಾರವನ್ನು ಕಾಯದೆ, ತಾವೇ ವಂತಿಗೆ ಹಾಕಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಾಯಿತು. ನದಿ ಕೊಚ್ಚಿಕೊಂಡು ಹೋಗಿದ್ದರೆ ಹೋಗುತ್ತಿದ್ದುದು ಅವರದೇ ಹಣ, ಅವರದೇ ಬೆವರು. ಆ ವಂತಿಗೆ ಯಾವ ಯಾವ ಮನೆಯ ಯಾವ ಪೆಟ್ಟಿಗೆಯಿಂದ ಹೊರಬಂತು, ಮನೆಯ ಹೆಂಗಸರನ್ನು ಕೇಳಿದ್ದರೋ ಇಲ್ಲವೋ, ಅದನ್ನು ಯಾರೂ ಬರೆದಿಡಲಿಲ್ಲ ಎಂಬುದು ನನ್ನ ತಕರಾರು. ಆದರೂ ಆ ಸಾಹಸಕ್ಕೆ ಕೈಮುಗಿಯುತ್ತೇನೆ.

ಎರಡನೆಯದಕ್ಕೆ ಆಲಮಟ್ಟಿಯ ಕಡೆ ನೋಡಬೇಕು. ಆಣೆಕಟ್ಟಿನ ಗೇಟಿನ ಬಳಿ ಕೂತವರ ಸಂಕಟ ಸಣ್ಣದಲ್ಲ. ಜುಲೈಯಲ್ಲೇ ತುಂಬಿಸಿಟ್ಟರೆ ಆಗಸ್ಟಿನ ಪ್ರವಾಹಕ್ಕೆ ಜಾಗವಿಲ್ಲ, ಖಾಲಿ ಇಟ್ಟು ಮಳೆ ಕೈಕೊಟ್ಟರೆ ಬೇಸಿಗೆಗೆ ನೀರಿಲ್ಲ. 2005ರಲ್ಲಿ, 2019ರಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದಾಗ ಇಲ್ಲಿಯ ಹಿನ್ನೀರೇ ಕಾರಣವೆಂದು ಅಲ್ಲಿ ಮಾತೆದ್ದಿತು. ಅವರಿಗೆ ತುಂಬಿದ ಆಲಮಟ್ಟಿ ಭಯ, ಕೆಳಗಿನ ಕಾಲುವೆಯ ರೈತರಿಗೆ ಬರಿದಾದ ಆಲಮಟ್ಟಿ ಭಯ.

ಬೀಳಗಿ ತಾಲ್ಲೂಕಿನವರ ಸ್ಥಿತಿ ಇವರಿಬ್ಬರದೂ ಅಲ್ಲ. ಮುಧೋಳದ ಹಿರಿಯರು ಹೇಳಿದ ಹಾಗೆ ಹೊಳೆ ಬಂದು ಹೋಗುತ್ತದೆ. ಇಲ್ಲಿ ಬಂದ ನೀರು ಹೋಗಲಿಲ್ಲ, ಹೊಲವೇ ಹೋಯಿತು. ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಾದವು. ಯೋಜನೆಯ ಕಾಗದದಲ್ಲಿ ಇದಕ್ಕೆ ಅಪಾಯವೆಂಬ ಹೆಸರಿಲ್ಲ, ಮುಳುಗಡೆ ಎಂದಿದೆ, ವೆಚ್ಚದ ಪಟ್ಟಿಯಲ್ಲಿ ಒಂದು ಸಾಲು. ಈಗ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. ಅಂದಿನಿಂದ ಹಿನ್ನೀರಿನ ಅಂಚಿನ ಊರುಗಳು ಕಾಯುತ್ತಲೇ ಇವೆ. ಫ್ರಾಂಕ್ ನೈಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ, ಲೆಕ್ಕಕ್ಕೆ ಸಿಗುವ ಅಪಾಯ ಬೇರೆ, ಲೆಕ್ಕಕ್ಕೇ ಸಿಗದ ಅನಿಶ್ಚಯ ಬೇರೆ ಎಂದು 1921ರಲ್ಲೇ ವಾದಿಸಿದ್ದ. ನೂರಕ್ಕೆ ಒಂದು ಎಂದಾದರೂ ಹೇಳಿದರೆ ಮನುಷ್ಯ ಒಂದು ನಿರ್ಧಾರಕ್ಕೆ ಬಂದಾನು. ಇವರಿಗೆ ಅದೂ ಇಲ್ಲ.

ಅಂಥ ಒಂದು ಊರಿಗೆ ಜನಗಣತಿಯ ಕೆಲಸಕ್ಕೆಂದು ಹೋಗಿದ್ದೆ. ಹೊಸದಾಗಿ ಕಟ್ಟಿದ ಮನೆ, ಗಿಲಾವು ಆಗಿರಲಿಲ್ಲ. ಆ ತಾಯಿ ಚಹಾ ಕೊಟ್ಟು, “ಅಕ್ಕೋರ, ನೀವು ಓದಿದವರು. ನೀರು ಇಲ್ಲೀತನಕ ಬರತೈತೇನ್ರಿ? ಗಿಲಾವು ಮಾಡಸಲೋ ಬ್ಯಾಡೋ?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಮುಂದಿನ ಸಲ ಹೋದಾಗ ನೋಡಿದೆ, ಅಡಿಗೆಮನೆಗೆ ಮಾತ್ರ ಗಿಲಾವು ಮಾಡಿಸಿ ಸುಣ್ಣ ಹಚ್ಚಿದ್ದಳು.