ಕವಚವನ್ನು ಕೊಡುವವನ ಋಣ

ಸಹಜಕವಚವನ್ನು ಇಂದ್ರನಿಗೆ ಕೊಟ್ಟ ಕರ್ಣನನ್ನು ದಾನಶೂರನೆಂದು ಲೋಕವು ಕೊಂಡಾಡುವುದು. ಅಲ್ಲಿ ಕೊಟ್ಟವನಿಗೂ ಕೊಂಡವನಿಗೂ ಕವಚದ ಗುಣವು ತಿಳಿದಿದ್ದಿತು. ಈಗಿನ ಕವಚವಾದರೋ ಕಾರ್ಖಾನೆಯಲ್ಲಿ ಹುಟ್ಟುವುದು. ತೊಡುವವನು ಅದರ ಗುಣವನ್ನು ತಾನಾಗಿ ಅರಿಯಲಾರನು, ಮಾಡಿದವನ ಮಾತನ್ನು ನಂಬಿ ತೊಡುವನು. ಹಾಗಾದರೆ ಮಾಡಿದವನ ಧರ್ಮವೇನು?

೧೯೬೫ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಅವರು ಟೈರುಗಳಿಗೆ ಹಗುರವೂ ಬಲವೂ ಆದ ನೂಲನ್ನು ಅರಸುತ್ತಿದ್ದರು. ದೊರೆತ ದ್ರಾವಣವು ಮಜ್ಜಿಗೆಯಂತೆ ತೆಳ್ಳಗೆ ಕದಡಿಕೊಂಡಿದ್ದಿತು. ಯಂತ್ರದ ಸೂಕ್ಷ್ಮರಂಧ್ರಗಳು ಕಟ್ಟಿಹೋದಾವೆಂದು ನೂಲುವ ಕೆಲಸದವನು ಮೊದಲು ಒಪ್ಪಲಿಲ್ಲ. ಆಕೆ ಬಿಡದೆ ನೂಲಿಸಿದರು. ಆ ಶೋಧನೆಯಿಂದ ಬೆಳೆದುಬಂದ ಕೆವ್ಲಾರ್ ನೂಲು, ತೂಕಕ್ಕೆ ತೂಕ ಹೋಲಿಸಿದರೆ, ಉಕ್ಕಿಗಿಂತ ಐದು ಮಡಿ ಬಲವುಳ್ಳದ್ದು. ಪದರಪದರವಾಗಿ ಜೋಡಿಸಿದ ಅದರ ಬಟ್ಟೆಯು ಗುಂಡಿನ ವೇಗವನ್ನು ಎಳೆಯಿಂದೆಳೆಗೆ ಹಂಚಿ ಅಡಗಿಸುವುದು.

ಆದರೆ ಸರ್ವಗುಣಸಂಪನ್ನವಾದ ನೂಲು ಯಾವುದೂ ಇಲ್ಲ. ಕೆವ್ಲಾರ್ ಬೆಂಕಿಯನ್ನು ತಾಳುವುದು, ಬಿಸಿಲಿನಲ್ಲಿ ಸೊರಗುವುದು. ಕವಚಕ್ಕೆ ಬಳಸುವ ಪಾಲಿಎಥಿಲೀನ್ ನೂಲು ನೀರಿನಲ್ಲಿ ತೇಲುವಷ್ಟು ಹಗುರವಾದುದು, ಆದರೆ ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಕರಗುವುದು. ಒಂದರ ಕೊರತೆಯನ್ನು ಮತ್ತೊಂದು ತುಂಬಲೆಂದು ಎರಡನ್ನೂ ಕೂಡಿಸಿ ಕವಚ ಮಾಡುವುದುಂಟು. ಈ ಮಿಶ್ರಣಕ್ಕೆ ಮೂಲವು ದೋಷಜ್ಞಾನ. ತನ್ನ ನೂಲಿನ ಕುಂದನ್ನು ಒಪ್ಪದವನು ಅದಕ್ಕೆ ಜೊತೆಯನ್ನು ಹುಡುಕಲಾರನು.

ಜಪಾನಿನಲ್ಲಿ ತಯಾರಾದ ಜೈಲಾನ್ ನೂಲು ಕೆವ್ಲಾರಿಗಿಂತಲೂ ಬಲಿಷ್ಠ. ಆದರೆ ತೇವವೂ ಬಿಸಿಯೂ ತಾಗುತ್ತ ಬಂದರೆ ಅದರ ಶಕ್ತಿಯು ಕ್ಷಯಿಸುವುದು. ಕವಚವೋ ಬೆವರುವ ಮೈಯ ಮೇಲಿರುವ ವಸ್ತು! ೨೦೦೩ರಲ್ಲಿ ಪೆನ್ಸಿಲ್ವೇನಿಯದಲ್ಲಿ, ತಡೆಯಬೇಕಾಗಿದ್ದ ಗುಂಡೊಂದು ಅಂಥ ಕವಚವನ್ನು ಭೇದಿಸಿ ಪೋಲೀಸಿನವನೊಬ್ಬನನ್ನು ಗಾಯಗೊಳಿಸಿತು. ಸರ್ಕಾರದ ಪರೀಕ್ಷೆಗಳು ನಡೆದು, ೨೦೦೫ರಲ್ಲಿ ಆ ನೂಲಿನ ಕವಚಗಳಿಗೆ ಮನ್ನಣೆಯು ತಪ್ಪಿತು.

ಕವಚವಿಲ್ಲದವನು ಗೋಡೆಯ ಮರೆಯನ್ನು ಹುಡುಕುವನು. ಕವಚ ತೊಟ್ಟವನು ಮುಂದಕ್ಕೆ ಹೆಜ್ಜೆಯಿಡುವನು. ಆದುದರಿಂದ ಸುಳ್ಳು ಅಭಯವು ಅಭಯವಿಲ್ಲದಿರುವುದಕ್ಕಿಂತಲೂ ಕೇಡು. ದೋಷವನ್ನು ಸಾರಿದರೆ ಜನರು ಕವಚವನ್ನೇ ತೊರೆದು, ಉಳಿಯಬಹುದಾದ ಪ್ರಾಣಗಳೂ ಹೋದಾವೆಂದು ಕೆಲವರು ಆಕ್ಷೇಪಿಸಬಹುದು. ಆ ಭಯವು ಅಸಂಗತವಲ್ಲ. ಆದರೂ ಎಲ್ಲೆಯನ್ನು ಅರಿತವನು ಹಳೆಯ ಕವಚವನ್ನು ಕಾಲಕ್ಕೆ ಸರಿಯಾಗಿ ಬದಲಿಸಿಕೊಳ್ಳುವನು. ಅರಿಯದವನಿಗೆ ಆ ದಾರಿಯೂ ಇಲ್ಲ. ಕೊಳ್ಳುವವನು ಬಟ್ಟೆಯ ಬೆಲೆಯನ್ನು ಹಣದಿಂದ ತೀರಿಸುವನು. ಅವನಿಟ್ಟ ನಂಬಿಕೆಯ ಋಣವನ್ನು ಮಾಡಿದವನು ಸತ್ಯದಿಂದಲೇ ತೀರಿಸಬೇಕು. ಅಭಯವನ್ನು ಕೊಡುವವನು ಅದರ ಅವಧಿಯನ್ನೂ ಎಲ್ಲೆಯನ್ನೂ ಹೇಳಿಯೇ ಕೊಡತಕ್ಕದ್ದು.