ತೆನೆ ಕೂಡಿಸಿದವರ ಕೈಗೆ ಬಳ್ಳ

‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.’

ಶಾಲೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯದ ಕನ್ನಡದ ಮಕ್ಕಳು ಕಡಿಮೆ. ಉಳಿತಾಯ ಮಾಡಬೇಕು, ದುಂದು ಮಾಡಬಾರದು, ಚಿಕ್ಕದೆಂದು ಯಾವುದನ್ನೂ ಕಡೆಗಣಿಸಬಾರದು ಎಂದು ಬರೆದರೆ ಅಂಕ ಸಿಗುತ್ತಿತ್ತು. ಆ ಅರ್ಥ ಸರಿಯೇ. ಆದರೆ ಗಾದೆಯಲ್ಲಿ ಅಷ್ಟೇ ಇಲ್ಲ. ಹನಿ ಕೂಡುವ ಬಗೆ ಬೇರೆ, ತೆನೆ ಕೂಡುವ ಬಗೆ ಬೇರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ರಾಜಕಾರಣವನ್ನು ಎದುರಿಗಿಟ್ಟುಕೊಂಡು ಓದಿದಾಗ ಆ ವ್ಯತ್ಯಾಸ ನನಗೆ ಎದ್ದು ಕಾಣುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹನಿ. ನಮ್ಮ ಗಡಿಭಾಗದಲ್ಲಿ ಪಕ್ಷದ ಹನಿ ಎಂದರೆ ಬೂತಿನ ಕಾರ್ಯಕರ್ತ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುವವನು ಅವನು. ಸತ್ತವರ ಹೆಸರು ತೆಗೆಸುವವನು, ಹದಿನೆಂಟು ತುಂಬಿದವರ ಹೆಸರು ಸೇರಿಸುವವನು ಅವನೇ. ಕೊಲ್ಹಾಪುರಕ್ಕೋ ಇಚಲಕರಂಜಿಗೋ ದುಡಿಯಲು ಹೋದವರಿಗೆ ಫೋನ್ ಹಚ್ಚಿ ಮತದಾನದ ದಿನ ಊರಿಗೆ ಕರೆಸುತ್ತಾನೆ. ಏಜೆಂಟನಾಗಿ ಬೆಳಗಿನಿಂದ ಸಂಜೆಯ ತನಕ ಮತಗಟ್ಟೆಯೊಳಗೆ ಕೂಡುತ್ತಾನೆ. ಬಿಜೆಪಿಯವರು ಮತದಾರರ ಪಟ್ಟಿಯ ಪುಟಕ್ಕೊಬ್ಬ ‘ಪೇಜ್ ಪ್ರಮುಖ’ನನ್ನು ನೇಮಿಸುತ್ತಾರೆ, ಕಾಂಗ್ರೆಸ್ಸಿನವರು ಬೂತ್ ಸಮಿತಿ ಕಟ್ಟುತ್ತಾರೆ. ಸ್ವಸಹಾಯ ಸಂಘದ ಅಕ್ಕಂದಿರು ಯಾವ ಕೇರಿಯಲ್ಲಿ ಯಾರು ಮುನಿಸಿಕೊಂಡಿದ್ದಾರೆ ಎಂಬುದನ್ನು ಶಾಸಕರಿಗಿಂತ ಮೊದಲೇ ಅರಿತಿರುತ್ತಾರೆ.

ಈ ಹನಿಗಳ ಬೆಲೆ ಎಷ್ಟೆಂಬುದನ್ನು ಫಲಿತಾಂಶಗಳೇ ಹೇಳುತ್ತವೆ. 2014ರಲ್ಲಿ ಚಿಕ್ಕೋಡಿ ಲೋಕಸಭಾ ಕ್ಷೇತ್ರವನ್ನು ಪ್ರಕಾಶ ಹುಕ್ಕೇರಿ ಗೆದ್ದದ್ದು 3,003 ಮತಗಳಿಂದ. ಎಂಟು ವಿಧಾನಸಭಾ ಕ್ಷೇತ್ರಗಳ ವಿಸ್ತಾರದಲ್ಲಿ ಅದು ಕ್ಷೇತ್ರಕ್ಕೆ ನಾಲ್ಕುನೂರು ಮತವೂ ಆಗುವುದಿಲ್ಲ. 2018ರಲ್ಲಿ ಅಥಣಿಯಲ್ಲಿ ಮಹೇಶ ಕುಮಠಳ್ಳಿ ಅವರು ಲಕ್ಷ್ಮಣ ಸವದಿಯವರನ್ನು ಸೋಲಿಸಿದ ಅಂತರ ಎರಡೂವರೆ ಸಾವಿರದೊಳಗಿತ್ತು. ಇಂಥ ತೆಳು ಅಂತರದಲ್ಲಿ ಗೆಲುವು ನಿರ್ಧಾರವಾಗುವುದು ಹೆಲಿಕಾಪ್ಟರ್ ಇಳಿದ ಮೈದಾನದಲ್ಲಲ್ಲ, ಓಣಿಯ ಕೊನೆಯ ಮನೆಯ ಬಾಗಿಲಲ್ಲಿ. ಅಲ್ಲಿಗೆ ಹೋಗಿ ನಿಲ್ಲುವವನು ಕಾರ್ಯಕರ್ತ.

ಇನ್ನು ಹಳ್ಳ. ಹನಿಗಳು ಕೂಡಿ ಹಳ್ಳವಾದ ಮೇಲೆ ಯಾವ ಹನಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಹಳ್ಳ ಇಳಿಜಾರಿನತ್ತ ಹೋಗುತ್ತದೆ, ಹನಿಯೂ ಅದರ ಜೊತೆಗೇ ಹೋಗುತ್ತದೆ. ಕಾಗವಾಡದ ಮೂರು ಚುನಾವಣೆಗಳನ್ನು ನೋಡಿ. 2018ರ ಮೇ ತಿಂಗಳಲ್ಲಿ ಶ್ರೀಮಂತ ಪಾಟೀಲರು ಕಾಂಗ್ರೆಸ್ ಅಭ್ಯರ್ಥಿ, ರಾಜು ಕಾಗೆಯವರು ಬಿಜೆಪಿ ಅಭ್ಯರ್ಥಿ. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಅದೇ ಪಾಟೀಲರು ಬಿಜೆಪಿ, ಅದೇ ಕಾಗೆಯವರು ಕಾಂಗ್ರೆಸ್. ಎರಡು ಸಲವೂ ಪಾಟೀಲರು ಗೆದ್ದರು. 2023ರಲ್ಲಿ ಮತ್ತೆ ಅದೇ ಇಬ್ಬರು ಎದುರುಬದುರಾದರು, ಆಗ ಕಾಗೆಯವರು ಗೆದ್ದರು. ಅಥಣಿಯಲ್ಲೂ ಹೀಗೇ ಆಯಿತು. 2018ರಲ್ಲಿ ಕುಮಠಳ್ಳಿ ಕಾಂಗ್ರೆಸ್, ಸವದಿ ಬಿಜೆಪಿ. 2023ರಲ್ಲಿ ಕುಮಠಳ್ಳಿ ಬಿಜೆಪಿ, ಸವದಿ ಕಾಂಗ್ರೆಸ್.

ನಾಯಕರು ಪಕ್ಷ ಬದಲಿಸುವುದಕ್ಕೆ ಅವರವರ ಕಾರಣಗಳಿದ್ದಾವು. ಕಾನೂನಿನ ದಾರಿಯೂ ಇತ್ತು. 2019ರ ಜುಲೈನಲ್ಲಿ ಸಭಾಧ್ಯಕ್ಷರು ಪಾಟೀಲ, ಕುಮಠಳ್ಳಿ ಸೇರಿ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ನನ್ನ ಪ್ರಶ್ನೆ ನಾಯಕರ ಬಗೆಗಲ್ಲ, ಕಾರ್ಯಕರ್ತರ ಬಗೆಗೆ. ಒಂದೂವರೆ ವರ್ಷದ ಹಿಂದೆ ಯಾರ ವಿರುದ್ಧ ಮನೆ ಮನೆ ತಿರುಗಿದ್ದರೋ ಅವರ ಪರವಾಗಿಯೇ ಅದೇ ಮನೆಗಳ ಕಟ್ಟೆ ಹತ್ತಬೇಕಾಯಿತು. ವ್ಯಕ್ತಿಯ ಬೆನ್ನು ಹತ್ತಿದವರು ಪಕ್ಷ ಬಿಟ್ಟರು, ಪಕ್ಷದಲ್ಲಿ ಉಳಿದವರು ನಿನ್ನೆಯ ಮಾತು ಬಿಟ್ಟರು. ಯಾಕೆಂದು ಕೇಳಿದ ಮತದಾರನಿಗೆ ಅವರ ಬಳಿ ಇದ್ದ ಉತ್ತರ ಒಂದೇ: ‘ಮ್ಯಾಲಿನವರು ಹೇಳ್ಯಾರ.’ ಮೇಲಿನವರು ಹೇಳುವ ಮುಂಚೆ ಇವರನ್ನು ಒಂದು ಮಾತು ಕೇಳಬೇಕಿತ್ತು.

ಅದೇ 2019ರ ಆಗಸ್ಟ್ ಮೊದಲ ವಾರ ಕೃಷ್ಣಾ ನದಿ ಉಕ್ಕಿ ಬಂತು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ಆ ಹೊತ್ತಿಗೆ ಅಥಣಿಗೂ ಕಾಗವಾಡಕ್ಕೂ ಶಾಸಕರೇ ಇರಲಿಲ್ಲ, ಅನರ್ಹತೆಯ ಆದೇಶ ಬಂದು ವಾರ ಎರಡು ವಾರ ಆಗಿತ್ತಷ್ಟೆ. ಬೆಂಗಳೂರಿನಲ್ಲಿ ಮುಖ್ಯಮಂತ್ರಿಯೊಬ್ಬರೇ ಮಂತ್ರಿಮಂಡಲ. ಉಳಿದ ಮಂತ್ರಿಗಳು ಪ್ರಮಾಣವಚನ ತೆಗೆದುಕೊಂಡದ್ದು ಆಗಸ್ಟ್ 20ರಂದು. ಆ ದಿನಗಳಲ್ಲಿ ಮುದುಕರನ್ನೂ ದನಕರುಗಳನ್ನೂ ಎತ್ತರದ ಜಾಗಕ್ಕೆ ಸಾಗಿಸಲು ಕೈಹಚ್ಚಿದವರಲ್ಲಿ ಊರಿನ ಹುಡುಗರಿದ್ದರು, ಪಂಚಾಯತಿ ಸದಸ್ಯರಿದ್ದರು, ಬೇರೆ ಬೇರೆ ಪಕ್ಷಗಳ ಕಾರ್ಯಕರ್ತರಿದ್ದರು. ರಾಜ್ಯದ ರಾಜಕಾರಣ ತನ್ನ ಲೆಕ್ಕದಲ್ಲಿ ಮುಳುಗಿದ್ದಾಗ ಊರನ್ನು ಹಿಡಿದು ನಿಲ್ಲಿಸಿದವರು ತಳದಲ್ಲಿದ್ದವರು.

ಈಗ ಗಾದೆಯ ಎರಡನೆಯ ಅರ್ಧಕ್ಕೆ ಬರೋಣ. ತೆನೆ ತಾನಾಗಿ ಬಳ್ಳ ಸೇರುವುದಿಲ್ಲ. ಕೊಯ್ಯಬೇಕು, ಹೊತ್ತು ಕಣಕ್ಕೆ ತರಬೇಕು, ಹಂತಿ ಕಟ್ಟಿ ತುಳಿಸಬೇಕು, ಗಾಳಿ ನೋಡಿ ತೂರಬೇಕು. ಆಮೇಲೆ ರಾಶಿ, ಆಮೇಲೆ ಬಳ್ಳ. ಅಳೆಯುವುದು ಕಣದಲ್ಲೇ, ಎಲ್ಲರ ಕಣ್ಣೆದುರಿಗೆ. ಎಷ್ಟು ಬಳ್ಳ ಆಯಿತು, ಯಾರಿಗೆ ಎಷ್ಟು ಹೋಯಿತು ಎಂಬುದು ದುಡಿದವರಿಗೂ ಗೊತ್ತು, ಆಯಗಾರರಿಗೂ ಗೊತ್ತು. ಹಳ್ಳದಲ್ಲಿ ಹನಿಗೆ ಲೆಕ್ಕವಿಲ್ಲ, ಕಣದಲ್ಲಿ ಪ್ರತಿ ತೆನೆಗೂ ಲೆಕ್ಕವಿದೆ. ಪಕ್ಷವೆಂಬುದು ಹಳ್ಳವಾಗಬೇಕೋ ಕಣವಾಗಬೇಕೋ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಕಣದಂಥ ಪಕ್ಷ ಬರೀ ಕನಸಲ್ಲ. 1920ರಲ್ಲಿ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಹೊಸ ನಿಯಮ ಮಾಡಿಕೊಂಡು ನಾಲ್ಕಾಣೆ ಕೊಟ್ಟವರಿಗೆಲ್ಲ ಸದಸ್ಯತ್ವ ತೆರೆಯಿತು. ಊರಿನಿಂದ ತಾಲೂಕು, ಜಿಲ್ಲೆ, ಪ್ರಾಂತದವರೆಗೆ ಸಮಿತಿಗಳು ಕೆಳಗಿನಿಂದ ಆಯ್ಕೆಯಾಗಬೇಕೆಂದಿತು. ಪ್ರಾಂತಗಳನ್ನು ಭಾಷೆಯ ಮೇಲೆ ಮಾಡಿತು. ಹಾಗೆ ಹುಟ್ಟಿದ ಕರ್ನಾಟಕ ಪ್ರಾಂತ ಸಮಿತಿಯ ಮೊದಲ ಅಧ್ಯಕ್ಷರು ನಮ್ಮದೇ ಬೆಳಗಾವಿ ಜಿಲ್ಲೆಯ ಹುದಲಿಯ ಗಂಗಾಧರರಾವ್ ದೇಶಪಾಂಡೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನವು ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ಷರತ್ತನ್ನು ಒಪ್ಪಿತು. ಆ ಷರತ್ತು ಬಹಳ ದಿನ ನಡೆಯಲಿಲ್ಲ. ಆದರೂ ಅದರ ಹಿಂದಿನ ನ್ಯಾಯ ದೊಡ್ಡದು. ದುಡಿದವನಿಗೆ ಮತ, ಮತವಿದ್ದವನಿಗೆ ಸಮಿತಿಯಲ್ಲಿ ಮಾತು.

ಆ ಲೆಕ್ಕದಿಂದಲೂ ಹೊರಗುಳಿದವರು ತಮ್ಮದೇ ಕಣ ಕಟ್ಟಿಕೊಂಡರು. ಬೆಳಗಾವಿ ಅಧಿವೇಶನವಾಗಿ ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬ ಅಂಬೇಡ್ಕರರು ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ದಲಿತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಮುಂದೆ ಅದೇ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಮಾಲಕರೆದುರು ನಿಂತರು. ಅವರ ಹೋರಾಟವನ್ನು ‘ಯುಗಾಂತರ’ ತಂಡ 1982ರಲ್ಲಿ ‘ತಂಬಾಕು ಚಾಕೀಲಾ ಊಬ ಆಲಿ’ ಎಂಬ ಮರಾಠಿ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದೆ. 1981ರಲ್ಲಿ ತಂಬಾಕು ಬೆಳೆಗಾರರು ಶರದ ಜೋಶಿಯವರ ನೇತೃತ್ವದಲ್ಲಿ ನ್ಯಾಯದ ಬೆಲೆ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ಹತ್ತಕ್ಕೂ ಹೆಚ್ಚು ರೈತರು ಸತ್ತರು. ಹೊಲದಲ್ಲಿ ತಂಬಾಕು ಬೆಳೆದವರೂ ಕಾರ್ಖಾನೆಯಲ್ಲಿ ಅದರ ಧೂಳು ಕುಡಿದವರೂ ಯಾರ ಅಪ್ಪಣೆಗೂ ಕಾಯದೆ ರಾಜ್ಯದ ಸರಕಾರವನ್ನು ತಮ್ಮ ಕಡೆ ತಿರುಗಿ ನೋಡುವಂತೆ ಮಾಡಿದ ಊರಿದು.

ಇನ್ನೊಂದು ಕಣ ಸಹಕಾರ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಶುರುವಾದ ಸಹಕಾರದ ಬೀಜ ಈ ಐದು ತಾಲೂಕುಗಳಲ್ಲಿ ಹುಲುಸಾಗಿ ಬೆಳೆಯಿತು. ಊರೂರಿಗೆ ಕೃಷಿ ಪತ್ತಿನ ಸಂಘ, ಹಾಲಿನ ಡೇರಿ, ಚಿಕ್ಕೋಡಿಗೆ ದೂಧಗಂಗಾ ಕೃಷ್ಣಾ, ನಿಪ್ಪಾಣಿಗೆ ಹಾಲಸಿದ್ಧನಾಥ, ಅಥಣಿಗೆ ಕೃಷ್ಣಾ ಸಕ್ಕರೆ ಕಾರ್ಖಾನೆ. ಪತ್ತಿನ ಸಂಘದಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನಿಗೆ ಮತ ಒಂದೇ. ಆಡಳಿತ ಮಂಡಳಿಯ ಚುನಾವಣೆಗೆ ಪೆನಲ್ ಕಟ್ಟುವುದು, ಗಟ್ಟಿಗರನ್ನು ಒಲಿಸುವುದು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಜಮಾಖರ್ಚು ಕೇಳುವುದು, ಎಲ್ಲವನ್ನೂ ನಮ್ಮವರು ಅಲ್ಲಿ ಕಲಿತಿದ್ದಾರೆ. ಸಂಘದ ಲೆಕ್ಕ ಕೇಳುವ ಗಂಟಲು ಪಕ್ಷದ ಕಚೇರಿಯಲ್ಲಿ ಯಾಕೆ ಕಟ್ಟುತ್ತದೆ?

ಬಳ್ಳ ಅಲ್ಲಿ ಬೇರೆಯವರ ಕೈಯಲ್ಲಿದೆ, ಅದಕ್ಕೆ. ಎರಡೂ ದೊಡ್ಡ ಪಕ್ಷಗಳು ತಮ್ಮ ಸಂಘಟನೆಗಾಗಿ ಚಿಕ್ಕೋಡಿಯನ್ನು ಬೇರೆ ಜಿಲ್ಲೆಯೆಂದೇ ಎಣಿಸುತ್ತವೆ. 1997ರಲ್ಲಿ ಸರಕಾರ ಚಿಕ್ಕೋಡಿ ಜಿಲ್ಲೆ ಘೋಷಿಸಿ ಹಿಂದಕ್ಕೆ ತೆಗೆದುಕೊಂಡಿತು. ಪಕ್ಷಗಳು ಮಾತ್ರ ಜಿಲ್ಲಾಧ್ಯಕ್ಷರನ್ನು ನೇಮಿಸಿ ಕೆಲಸ ನಡೆಸಿಕೊಂಡು ಬಂದಿವೆ. ಆದರೆ ಬಿ ಫಾರ್ಮ್ ಯಾರಿಗೆಂಬುದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ತೀರ್ಮಾನವಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಹತ್ತುವ ಮೆಟ್ಟಿಲುಗಳೂ ಮುರಿದಿವೆ. ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಪಕ್ಷದ ಚಿಹ್ನೆಯ ಮೇಲೆ ಸಾಮಾನ್ಯ ಕಾರ್ಯಕರ್ತ ಗೆದ್ದು ಬರಬಹುದಾದ ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಜನಪ್ರತಿನಿಧಿಗಳ ಬದಲು ಆಡಳಿತಾಧಿಕಾರಿಗಳು ಕೂತರು. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಆಯ್ಕೆ ನಡೆದಾಗ ಮತ ಹಾಕಲು ಈ ಎರಡು ಮೆಟ್ಟಿಲುಗಳ ಸದಸ್ಯರೇ ಇರಲಿಲ್ಲ. ಅರ್ಧದಷ್ಟು ಸ್ಥಾನ ಮೀಸಲಿದ್ದ ಹೆಣ್ಣುಮಕ್ಕಳಿಗೆ ಇದರಿಂದ ಆದ ನಷ್ಟ ಎಲ್ಲಕ್ಕಿಂತ ದೊಡ್ಡದು.

ಸಣ್ಣವರನ್ನು ಕೇಳುತ್ತ ಕೂತರೆ ಚುನಾವಣೆ ಗೆಲ್ಲುವುದು ಹೇಗೆ ಎಂದು ಕೆಲವರು ವಾದಿಸುತ್ತಾರೆ. ಮೇಲಿನವರ ತೀರ್ಮಾನ ಗೆಲುವು ತರುತ್ತದೆಂಬ ಖಾತ್ರಿ ಇಲ್ಲಿನ ಫಲಿತಾಂಶಗಳಲ್ಲಿ ಕಾಣುವುದಿಲ್ಲ. 2023ರಲ್ಲಿ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಹೋದ ಸವದಿಯವರು ಅಥಣಿಯಲ್ಲಿ 76 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದೇ ಚುನಾವಣೆಯಲ್ಲಿ ರಾಯಬಾಗದಲ್ಲಿ ಬಿಜೆಪಿಯ ಸಮೀಪಕ್ಕೆ ಬಂದವರು ಪಕ್ಷೇತರ ಅಭ್ಯರ್ಥಿ, ಕಾಂಗ್ರೆಸ್ ಮೂರನೆಯ ಸ್ಥಾನಕ್ಕೆ ಇಳಿಯಿತು. ಊರಿನ ಮನಸ್ಸು ಎತ್ತ ವಾಲಿದೆ ಎಂಬುದು ಬೂತಿನವರಿಗೆ ಮೊದಲು ಗೊತ್ತಾಗುತ್ತದೆ. ಅವರನ್ನು ಕೇಳುವುದು ಉಪಕಾರವಲ್ಲ, ವಿವೇಕ. ಜರ್ಮನಿಯಲ್ಲಿ ಪಕ್ಷದ ಒಳಗೂ ಪ್ರಜಾಪ್ರಭುತ್ವ ಇರಬೇಕೆಂದು ಸಂವಿಧಾನವೇ ಹೇಳುತ್ತದೆ, ಅಭ್ಯರ್ಥಿಯನ್ನು ಸದಸ್ಯರು ಅಥವಾ ಅವರ ಪ್ರತಿನಿಧಿಗಳು ಗುಪ್ತಮತದಿಂದ ಆರಿಸುತ್ತಾರೆ. ನಮ್ಮಲ್ಲಿ ಅಂಥ ಕಾನೂನಿಲ್ಲ.

ತಪ್ಪೆಲ್ಲ ಮೇಲಿನವರದ್ದೇ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಒಂದು ಗುತ್ತಿಗೆ, ಒಂದು ವರ್ಗಾವಣೆ, ಕಬ್ಬಿನ ಬಿಲ್ಲು ಬೇಗ ಬರಲೆಂಬ ಒಂದು ಫೋನು, ಇಷ್ಟಕ್ಕೆ ತೃಪ್ತನಾದ ಕಾರ್ಯಕರ್ತ ಪ್ರಶ್ನೆ ಕೇಳುವ ಹಕ್ಕನ್ನು ತಾನೇ ಕಳೆದುಕೊಳ್ಳುತ್ತಾನೆ. ತನ್ನ ತೆನೆಯನ್ನು ಕಣಕ್ಕೆ ಬರುವ ಮುಂಚೆಯೇ ಮಾರಿಕೊಂಡವನಿಗೆ ಬಳ್ಳದ ಮುಂದೆ ನಿಲ್ಲುವ ಧೈರ್ಯ ಎಲ್ಲಿಂದ ಬರಬೇಕು? ಆ ಪುಟ್ಟ ಲಾಭಕ್ಕೆ ಕೊಟ್ಟ ಬೆಲೆ ಇಡೀ ಊರಿನದು.

ಆದ್ದರಿಂದ ಈ ಐದು ತಾಲೂಕುಗಳ ಅಣ್ಣಂದಿರೆ, ಅಕ್ಕಂದಿರೆ, ನೀವು ಯಾವ ಪಕ್ಷದವರೇ ಆಗಿರಿ, ಮೂರು ಕೆಲಸ ಮಾಡಿ. ಗ್ರಾಮಸಭೆ, ವಾರ್ಡ್‌ಸಭೆ ತಪ್ಪಿಸಬೇಡಿ, ಮಾತು ಕಲಿಯುವುದು ಅಲ್ಲಿ. ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಸಿರೆಂದು ನಿಮ್ಮ ಪಕ್ಷದ ಮೇಲೆ ಒತ್ತಡ ಹಾಕಿ, ಎದುರಾಳಿ ಪಕ್ಷದ ಮೇಲಲ್ಲ. ಮುಂದಿನ ಸಲ ಟಿಕೆಟ್ಟಿನ ಮಾತು ಎದ್ದಾಗ ಬೂತಿನವರೆಲ್ಲ ಸಭೆ ಸೇರಿ, ಯಾರು ಬೇಕು, ಯಾಕೆ ಬೇಕು ಎಂದು ಬರೆದು, ಎಲ್ಲರೂ ಸಹಿ ಹಾಕಿ ಜಿಲ್ಲಾಧ್ಯಕ್ಷರ ಕೈಗೆ ಕೊಡಿ. ಕೊಟ್ಟದ್ದಕ್ಕೆ ಪೋಚು ತೆಗೆದುಕೊಳ್ಳಿ. ಒಂದು ಊರಿನ ಪತ್ರವನ್ನು ಪಕ್ಕಕ್ಕಿಡಬಹುದು, ನೂರು ಊರಿನ ಪತ್ರಗಳನ್ನು ಯಾವ ಪಕ್ಷವೂ ಪಕ್ಕಕ್ಕಿಡಲಾರದು.