ಯಾವ ಮಂಗಳೂರು?

ಆಫೀಸಿನಲ್ಲಿ ಊರು ಮಂಗಳೂರು ಅಂದ್ರೆ ಸಾಕು, ‘ಓ, ಬೀಚು, ಚರ್ಚು!’ ಅಂತಾರೆ. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು ರೀ, ಸಮುದ್ರ ಎಲ್ಲಿಂದ ಬರಬೇಕು! ನಮ್ಮ ಸೀಮೆಯ ಹಳೇ ಚರ್ಚು ನೋಡೋಕೆ ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಹೋಗಬೇಕು. ಅಲ್ಲಿನ ಚರ್ಚಿಗೆ ಇನಾಮು ಕೊಟ್ಟವರು ಬಿಜಾಪುರದ ಆದಿಲ್‌ಶಾಹಿ ಸುಲ್ತಾನರು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರುವುದಕ್ಕೂ ಮುಂಚಿನ ಮಾತು. ಪಾದ್ರಿಗಳು ಗೋವಾ ಕಡೆಯಿಂದ ಬಂದರು, ನಿಜ. ಪ್ರಾರ್ಥನೆಗೆ ಕೂತವರು ಇಲ್ಲಿನ ಕನ್ನಡದ ಜನವೇ.

ಇದನ್ನು ಹೇಳ್ತಿದ್ದಾಗ ಗೆಳೆಯನೊಬ್ಬ, ‘ಏನೇ ಆದ್ರೂ ಅವರು ಹೊರಗಿನವರಲ್ವಾ?’ ಅಂದ. ಎಷ್ಟು ತಲೆಮಾರು ಕಳೆದರೆ ಊರು ನಮ್ಮದಾಗುತ್ತೆ? ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಬೆಂಗಳೂರಲ್ಲಿರೋ ನಾನು ‘ಇಲ್ಲಿಯವನೇ’ ಅಂತ ಆರಾಮಾಗಿ ಹೇಳ್ಕೋತೀನಿ. ಅವನಿಗೆ ಮಾತ್ರ ಏನೂ ಅನ್ನಲಿಲ್ಲ. ಊಟದ ಹೊತ್ತಲ್ಲಿ ಜಗಳ ಯಾಕೆ ಅಂತ. ಎದುರಿಗೆ ಕೂತಿದ್ದ ಮುದಗಲ್ ಕಡೆಯ ಹುಡುಗಿ ಡಬ್ಬಿ ಮುಚ್ಚಿ ಎದ್ದು ಹೋದಳು.